‘ಸೈಟ್ ಓಪನ್ ಆಗವಲ್ದ್ರಿ’

ನನ್ನ ಹೆಸರು ಸುಮಂಗಲಾ. ಆದರೆ ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳಲ್ಲಿ ನನಗೆ ಫೋನ್ ಹಚ್ಚಿದವರು ಯಾರೂ ಹೆಸರು ಹಿಡಿದು ಮಾತು ಶುರು ಮಾಡಿದವರಲ್ಲ. ಅತ್ತ ಕಡೆಯಿಂದ ಮೊದಲು ಬರುತ್ತಿದ್ದುದು ಒಂದೇ ಮಾತು: "ಅಕ್ಕಾರ, ಸೈಟ್ ಓಪನ್ ಆಗವಲ್ದ್ರಿ!" ಆ ದನಿಯಲ್ಲಿ ಗಾಬರಿ ಇರುತ್ತಿತ್ತು, ಸಿಟ್ಟಿರುತ್ತಿತ್ತು, ಕೆಲವೊಮ್ಮೆ ಅಳುವೂ ಇರುತ್ತಿತ್ತು. ನನಗೆ ಮಾತ್ರ ಒಳಗೊಳಗೇ ಖುಷಿ. ಬೇರೆಯವರ ಕಷ್ಟಕ್ಕೆ ಹಿಗ್ಗುವುದು ಒಳ್ಳೆಯ ಗುಣವಲ್ಲ, ಗೊತ್ತಿದೆ. ಆದರೆ ಇವತ್ತಿನ ಒಗಟು ಎಂಥದೋ, ಎಲ್ಲಿ ಅಡಗಿ ಕೂತಿದೆಯೋ ಎಂದು ಸ್ಕೂಟರಿನ ಕೀಲಿ ಕೈಗೆತ್ತಿಕೊಳ್ಳುವಾಗ ಎದೆ ಹಾರುತ್ತಿದ್ದುದನ್ನು ಹೇಗೆ ಮುಚ್ಚಿಡಲಿ?

ಹಾವೇರಿಯ ಒಂದು ಸಣ್ಣ ಕಂಪ್ಯೂಟರ್ ಸರ್ವಿಸ್ ಕಂಪನಿಯಲ್ಲಿ ನಿವೃತ್ತಿಯಾಗುವವರೆಗೂ ದುಡಿದೆ. ಅದಕ್ಕೂ ಮೊದಲು ಹಾನಗಲ್ಲಿನಲ್ಲಿ ಟೈಪಿಂಗ್ ಕಲಿಸುತ್ತಿದ್ದೆ. ಟೈಪ್‌ರೈಟರುಗಳ ಸದ್ದು ಅಡಗಿ ಆ ಕ್ಲಾಸು ಬಾಗಿಲು ಹಾಕಿದಾಗ, ಬೆರಳಿಗೆ ಕೀಲಿಮಣೆ ಗೊತ್ತಿದೆಯಲ್ಲ ಎಂಬ ಒಂದೇ ಧೈರ್ಯದ ಮೇಲೆ ಈ ಕೆಲಸಕ್ಕೆ ಬಂದೆ. ಅಂಗಡಿ, ಕಾಲೇಜು, ವಕೀಲರ ಆಫೀಸು, ಅರ್ಜಿ ತುಂಬಿಕೊಡುವ ಕೇಂದ್ರ, ಎಲ್ಲಿ ಕಂಪ್ಯೂಟರ್ ಕೈಕೊಟ್ಟರೂ ಹೋಗಿ ಸರಿಪಡಿಸುವುದು ನಮ್ಮ ಕೆಲಸ. ಬಡ್ತಿಯ ವಿಷಯ ಬಿಡಿ. ಅದರಲ್ಲಿ ಹೇಳುವಂಥದ್ದೇನೂ ಇಲ್ಲ. ಈಗ ಇದೇ ಕೆಲಸಕ್ಕೆ ಸೇರುತ್ತಿರುವ ಹುಡುಗ ಹುಡುಗಿಯರು ಮನೆಗೆ ಬಂದು ಚಹಾ ಕುಡಿಯುತ್ತ, "ಅಕ್ಕಾರ, ನಿಮ್ಮ ಕಾಲದಾಗ ಹೆಂಗಿತ್ರಿ?" ಎಂದು ಕೇಳುತ್ತಾರೆ. ಹೇಳುತ್ತ ಹೋದರೆ ಚಹಾ ಆರುತ್ತದೆ. ಅದಕ್ಕೇ ಬರೆದುಬಿಡೋಣ ಎಂದು ಕೂತಿದ್ದೇನೆ.

ನನಗೆ ಕೆಲಸ ಕಲಿಸಿದವರು ಇನಾಮದಾರ ಸರ್. ಕಂಪನಿಯ ಸರ್ವಿಸ್ ವಿಭಾಗಕ್ಕೆ ಅವರೇ ಹಿರಿಯರು. ಸದಾ ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಪೆನ್ನಿನ ಜಾಗದಲ್ಲಿ ಸ್ಕ್ರೂಡ್ರೈವರು. ಸಿಟ್ಟು ಮೂಗಿನ ತುದಿಯಲ್ಲಿ. ಆದರೆ ಕೆಟ್ಟ ಮಷಿನ್ನಿನ ಮುಂದೆ ಕೂತರೆ ಮಾತ್ರ ಜ್ವರ ಬಂದ ಮಗುವಿನ ಮುಂದೆ ಕೂತಂತೆ ಮೆತ್ತಗಾಗುತ್ತಿದ್ದರು.

ಅವರ ಜತೆ ನಾನು ಮೊದಲು ಹೋದದ್ದು ಹಿರೇಕೆರೂರಿಗೆ, ಬೀಜದ ಅಂಗಡಿಯ ಬಣಕಾರ ಸಾವಕಾರರಲ್ಲಿಗೆ. ಆಗಿನ್ನೂ ಟೆಲಿಫೋನ್ ತಂತಿಯ ಮೇಲೆ ಕಿರಗುಟ್ಟುತ್ತ ಇಂಟರ್ನೆಟ್ ಬರುತ್ತಿದ್ದ ಕಾಲ. ಸಾವಕಾರರು ನನ್ನನ್ನು ನೋಡಿ, ನನ್ನ ಬೆನ್ನ ಹಿಂದೆ ಇನ್ಯಾರಾದರೂ ಇದ್ದಾರೇನೋ ಎಂದು ಇಣುಕಿ, ಸರ್ ಅವರನ್ನು ಕೇಳಿದರು:

"ಇಂಜಿನಿಯರ್ ಯಾವಾಗ ಬರ್ತಾರ್ರಿ?"

"ಬಂದಾರಲ್ರಿ. ನಿಮ್ಮ ಮುಂದನ ನಿಂತಾರ" ಎಂದು ಸರ್ ಒಂದು ಬೀಜದ ಚೀಲದ ಮೇಲೆ ಕೂತುಬಿಟ್ಟರು. ನನಗೆ ಕೈ ತೋರಿಸಿದರು: ಮಾಡು.

ನಾನು ಹಿಂದೆಮುಂದೆ ನೋಡದೆ ಶುರು ಮಾಡಿದೆ. ತಂತಿ ಬಿಚ್ಚಿ ಹಾಕಿದೆ. ಮೋಡೆಮ್ಮಿನ ದೀಪಗಳನ್ನು ನೋಡಿದೆ, ಎಲ್ಲವೂ ಸರಿಯಾಗಿ ಮಿನುಗುತ್ತಿದ್ದವು. ಬ್ರೌಸರನ್ನು ಅಳಿಸಿ ಸಿ.ಡಿ.ಯಿಂದ ಮತ್ತೆ ಹಾಕಲು ಹೊರಟೆ. ಆಗ ಸರ್ ಕೂತಲ್ಲಿಂದಲೇ ಸಾವಕಾರರನ್ನು ಕೇಳಿದರು:

"ಸಾವಕಾರ್ರ, ಇದು ಯಾವಾಗಿನ ತನಕ ಚಲೋ ಇತ್ರಿ?"

"ನಿನ್ನೆ ಸಂಜಿ ತನಕ ಮಸ್ತ್ ಇತ್ರಿ. ಹತ್ತಿ ರೇಟ್ ನೋಡಿದೆ, ಬಂದ್ ಮಾಡಿದೆ."

"ಬಂದ್ ಮಾಡೋವಾಗ ಮಷಿನ್ ಏನರ ಕೇಳಿತೇನ್ರಿ?"

ಸಾವಕಾರರು ಯೋಚಿಸಿದರು. "ಏನೋ ಇಂಗ್ಲೀಷಿನಾಗ ಕೇಳ್ತ್ರಿ. ಪಾಪ, ಕೇಳಾಕತ್ತೈತಲ್ಲ ಅಂತ ಹೂಂ ಅಂದೆ."

ಸರ್ ನನ್ನ ಕಡೆ ನೋಡಿ ಹುಬ್ಬು ಹಾರಿಸಿದರು. ನಾನು ಬ್ರೌಸರಿನ ಮೇಲಿನ ಪಟ್ಟಿಯಲ್ಲಿ ಒಂದೊಂದನ್ನೇ ತೆರೆದು ನೋಡುತ್ತ ಹೋದೆ. ಇತ್ತು! ‘ಆಫ್‌ಲೈನ್ ಕೆಲಸ’ ಎಂಬುದರ ಪಕ್ಕದಲ್ಲಿ ಒಂದು ಪುಟ್ಟ ಗುರುತು. ಹೊರಗಿನ ಲೋಕ ಬೇಡವೇ ಎಂದು ಮಷಿನ್ ಕೇಳಿತ್ತು. ಸಾವಕಾರರು ದೊಡ್ಡ ಮನಸ್ಸಿನಿಂದ ಹೂಂ ಅಂದಿದ್ದರು. ಗುರುತು ತೆಗೆದೆ. ಹತ್ತಿ ದರದ ಪುಟ ಮೇಲಿನಿಂದ ಕೆಳಕ್ಕೆ ನಿಧಾನವಾಗಿ ಬಿಚ್ಚಿಕೊಳ್ಳುತ್ತ ಬಂತು. ನಾನು ಚಪ್ಪಾಳೆ ತಟ್ಟಿಬಿಟ್ಟೆ. ಗಿರಾಕಿಗಳೆಲ್ಲ ತಿರುಗಿ ನೋಡಿದರು. ಅವತ್ತು ಹತ್ತಿದ ಹುಚ್ಚು ಇವತ್ತಿಗೂ ಇಳಿದಿಲ್ಲ.

ವಾಪಸು ಬರುವಾಗ ಸರ್ ಹೇಳಿದರು, "ಸುಮಂಗಲಾ, ಮಷಿನ್ ಮುಟ್ಟೂಕಿಂತ ಮೊದಲ ಮನಷ್ಯಾನ್ನ ಮಾತಾಡ್ಸು. ಆಮ್ಯಾಲೆ, ಏನ ಓಪನ್ ಆಗವಲ್ದು ಅಂತ ಎಲ್ಲಾರೂ ಹೇಳ್ತಾರ. ಏನ ಓಪನ್ ಆಗತೈತಿ ಅಂತ ನೀ ಕೇಳು."

ಹೊಸಬರೇ, ಇದೊಂದು ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಯಾವ ಪುಟವೂ ತೆರೆಯದಿದ್ದರೆ ತಂತಿ, ಮೋಡೆಮ್ಮುಗಳ ಕಡೆ ನೋಡಿ. ಒಂದು ಪುಟ ತೆರೆದು ಇನ್ನೊಂದು ತೆರೆಯದಿದ್ದರೆ ದಾರಿಯಲ್ಲಿ ಎಲ್ಲೋ ಅಡ್ಡಗಟ್ಟಿದೆ. ಪಕ್ಕದ ಮಷಿನ್ನಿನಲ್ಲಿ ತೆರೆದು ಇದರಲ್ಲಿ ತೆರೆಯದಿದ್ದರೆ ರೋಗ ಈ ಮಷಿನ್ನಿನದೇ. ಇಷ್ಟು ಗೊತ್ತಾದರೆ ಅರ್ಧ ದಾರಿ ನಡೆದಂತೆ.

ಸರ್ ಅವರಿಗೂ ಎಡವಟ್ಟು ಆಗುತ್ತಿರಲಿಲ್ಲ ಎಂದಲ್ಲ. ಶಿಗ್ಗಾಂವಿಯ ಒಂದು ಕಾಲೇಜಿನ ಕಥೆ ನೆನೆದರೆ ಈಗಲೂ ಒಬ್ಬಳೇ ನಗುತ್ತೇನೆ. ಅಲ್ಲಿನ ಲ್ಯಾಬಿನಲ್ಲಿ ಸಾಲಾಗಿದ್ದ ಅಷ್ಟೂ ಕಂಪ್ಯೂಟರುಗಳಲ್ಲಿ ಒಮ್ಮೆಲೇ ಇಂಟರ್ನೆಟ್ ನಿಂತಿತ್ತು. ಮಧ್ಯಾಹ್ನ ಮಕ್ಕಳಿಗೆ ಆನ್‌ಲೈನ್ ಪರೀಕ್ಷೆ. ವೈರಸ್ ಬಂದಿದೆ ಎಂದು ಅರ್ಧ ಜನ, ಲೈನು ಕಡಿದಿದೆ ಎಂದು ಇನ್ನರ್ಧ ಜನ. ಸರ್ ಒಂದು ಬ್ರೌಸರಿನ ಒಳಗೆ ಹೋಗಿ ನೋಡಿದರು. ಪುಟ ಬೇಕಾದರೆ ನೇರವಾಗಿ ಹೊರಗೆ ಹೋಗಬೇಡ, ಕಾಲೇಜಿನ ಇನ್ನೊಂದು ಮಷಿನ್ನಿನ ಮೂಲಕ ಹೋಗು ಎಂದು ಅದರಲ್ಲಿ ಬರೆದಿತ್ತು. ಪ್ರಾಕ್ಸಿ ಅನ್ನುತ್ತಾರಲ್ಲ, ಅದು. ಹಳೆಯ ದಿನಗಳಲ್ಲಿ ಒಂದೇ ಲೈನನ್ನು ಎಲ್ಲರಿಗೂ ಹಂಚಲು ಹಾಗೆ ಮಾಡುತ್ತಿದ್ದೆವು.

"ಆ ಮಷಿನ್ ಸ್ಟೋರ್ ರೂಮಿನಾಗ ಇಟ್ಟಿದ್ವಿ. ನಡಿ ನೋಡೂಣು" ಎಂದರು.

ಸ್ಟೋರ್ ರೂಮು ಗುಡಿಸಿ ಸಾರಿಸಿದಂತೆ ಖಾಲಿ! ಹೊಸದಾಗಿ ಬಂದಿದ್ದ ಪ್ರಿನ್ಸಿಪಾಲರು ಸ್ವಚ್ಛತೆಯ ಮನುಷ್ಯ. "ಮಾನಿಟರ್ ಇಲ್ಲ, ಏನಿಲ್ಲ, ಒಂದ ಡಬ್ಬಿ ಸುಮ್ನ ಗುಂಯ್ ಅಂತಿತ್ತು. ಗುಜರಿಗೆ ಹಾಕಿಸಿದೆ. ಈಗ ಹತ್ತ ನಿಮಿಷದ ಹಿಂದ ಟೆಂಪೋ ಹೋತು" ಎಂದರು. ಸರ್ ಮುಖ ನೋಡಬೇಕಿತ್ತು!

"ಯಾವ ಕಡೆ?"

"ಬಂಕಾಪುರದ ಕಡೆ."

ಮರುಗಳಿಗೆಯಲ್ಲಿ ನಾವು ಹೆದ್ದಾರಿಯ ಮೇಲಿದ್ದೆವು. ಸ್ಕೂಟರ್ ನನ್ನದು, ಹಿಂದೆ ಸರ್. ಒಂದು ಕೈಯಲ್ಲಿ ನನ್ನ ಸೀಟಿನ ಹಿಡಿಕೆ, ಇನ್ನೊಂದು ಕೈಯಲ್ಲಿ ಮುಂದೆ ಹೋಗುವ ಪ್ರತಿ ಟೆಂಪೋವನ್ನೂ ತೋರಿಸುತ್ತ, "ಅದ ನೋಡು! ಅಲ್ಲ, ಅದರಾಗ ಮೆಣಸಿನಕಾಯಿ ಐತಿ. ಅಗಾ, ಅದು! ಜೋರ ಹೊಡಿ!" ಎಂದು ಕೂಗುತ್ತಿದ್ದರು. ಲಾರಿಗಳು ಹಾರ್ನ್ ಹೊಡೆದು ಪಕ್ಕದಲ್ಲೇ ಹಾಯ್ದು ಹೋಗುತ್ತಿದ್ದವು. ನನ್ನ ಸೆರಗು ಎಲ್ಲಿ ಹಾರುತ್ತಿದೆ ಎಂಬ ಪರಿವೆಯೂ ನನಗಿರಲಿಲ್ಲ. ಬಂಕಾಪುರ ಇನ್ನೂ ಸ್ವಲ್ಪ ದೂರ ಇರುವಾಗ ಒಂದು ಚಹಾದಂಗಡಿಯ ಮುಂದೆ ಗುಜರಿ ಟೆಂಪೋ ನಿಂತಿತ್ತು. ಮುರಿದ ಕುರ್ಚಿಗಳು, ತುಕ್ಕು ಹಿಡಿದ ಕಪಾಟು, ಅವುಗಳ ನೆತ್ತಿಯ ಮೇಲೆ ನಮ್ಮ ಡಬ್ಬಿ ರಾಜನ ಹಾಗೆ ಕೂತಿತ್ತು.

ಗುಜರಿಯವನು ಒಳ್ಳೆಯ ಮನುಷ್ಯ. "ನಾ ತೂಕಕ್ಕ ತಗೊಂಡೇನ್ರಿ, ತೂಕಕ್ಕ ಕೊಡ್ತೇನಿ" ಎಂದು ನಕ್ಕು ಎತ್ತಿ ಕೊಟ್ಟ. ಡಬ್ಬಿಯನ್ನು ನಮ್ಮಿಬ್ಬರ ನಡುವೆ ಕೂರಿಸಿಕೊಂಡು, ಮದುಮಗಳನ್ನು ಕರೆತರುವವರ ಹಾಗೆ ಜೋಪಾನವಾಗಿ ತಂದೆವು. ಜೋಡಿಸಿದೆವು. ಗುಂಯ್ ಎಂದಿತು. ಲ್ಯಾಬಿನ ಈ ಮೂಲೆಯಿಂದ ಆ ಮೂಲೆಯವರೆಗೆ ಪರದೆಗಳು ಒಂದೊಂದಾಗಿ ಬೆಳಗಿದವು. ಮಕ್ಕಳು ಹೋ ಎಂದು ಕೂಗಿದರು. ಪ್ರಿನ್ಸಿಪಾಲರು ನಮಗೆ ಗಿರಮಿಟ್ಟು ತರಿಸಿದರು.

ಅದನ್ನು ತಿನ್ನುತ್ತ ಸರ್ ಇದ್ದಕ್ಕಿದ್ದಂತೆ ಅಗಿಯುವುದನ್ನು ನಿಲ್ಲಿಸಿದರು.

"ಸುಮಂಗಲಾ, ಇವರ ಮೋಡೆಮ್ ಹೋದ ವರ್ಷ ಹೊಸಾದು ಬದಲಿ ಮಾಡಿದ್ವಿ ಅಲ್ಲ?"

"ಹೌದ್ರಿ ಸರ್."

"ಹೊಸಾದು ತಾನ ಎಲ್ಲಾರಿಗೂ ಲೈನ್ ಹಂಚತೈತಿ."

"ಹೌದ್ರಿ ಸರ್."

"ಅಂದ್ರ ಆ ಡಬ್ಬಿ ಬೇಕಾಗೇ ಇರಲಿಲ್ಲ. ಬ್ರೌಸರಿನಾಗಿನ ಒಂದ ಗುರುತು ತಗದಿದ್ರ ಮುಗೀತಿತ್ತು."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಆಮೇಲೆ ಶುರುವಾದ ನಗು, ಹೊಟ್ಟೆ ಹಿಡಿದುಕೊಂಡರೂ ನಿಲ್ಲದು. ಪ್ರಿನ್ಸಿಪಾಲರು ಪಾಪ, ಗಿರಮಿಟ್ಟಿನಲ್ಲಿ ಖಾರ ಹೆಚ್ಚಾಯಿತೇನೋ ಎಂದು ನೀರು ತಂದರು. ಮುಂದೊಮ್ಮೆ ಹೋಗಿ ಎಲ್ಲ ಮಷಿನ್ನುಗಳ ಗುರುತು ತೆಗೆದು ಡಬ್ಬಿಗೆ ಮರ್ಯಾದೆಯಿಂದ ವಿಶ್ರಾಂತಿ ಕೊಟ್ಟೆವು. ಆದರೆ ನನ್ನನ್ನು ಕೇಳಿದರೆ, ಆ ಹೆದ್ದಾರಿಯ ಓಟವನ್ನು ನಾನು ಯಾವುದಕ್ಕೂ ಬಿಟ್ಟುಕೊಡುವುದಿಲ್ಲ.

ಹಾನಗಲ್ ತಾಲ್ಲೂಕಿನ ತಿಳವಳ್ಳಿಗೆ ಬರೋಣ. ಅಲ್ಲಿ ಶಿವಲೀಲಾ, ಮಹಾದೇವಿ ಎಂಬ ಅಕ್ಕತಂಗಿಯರು ಬಸ್‌ಸ್ಟ್ಯಾಂಡಿನ ಹತ್ತಿರ ಆನ್‌ಲೈನ್ ಅರ್ಜಿ ಹಾಕುವ ಕೇಂದ್ರ ನಡೆಸುತ್ತಿದ್ದರು. ಎದುರಿಗೇ ಬಸವರಾಜ ಎಂಬುವರ ಇಂಥದ್ದೇ ಅಂಗಡಿ. ಅವರ ತಂದೆಗೆ ಹಿಟ್ಟಿನ ಗಿರಣಿ ಇದ್ದುದರಿಂದ ಊರಿಗೆಲ್ಲ ಅವರು ಗಿರಣಿ ಬಸಣ್ಣ. ಭತ್ತ, ಗೋವಿನಜೋಳದ ಬೆಳೆವಿಮೆ ನೋಂದಣಿಯ ದಿನಗಳು ಅವು. ಅಕ್ಕತಂಗಿಯರ ಅಂಗಡಿಯಲ್ಲಿ ಒಂದು ಸೈಟೂ ತೆರೆಯುತ್ತಿಲ್ಲ, ಎದುರಿನ ಅಂಗಡಿಯಲ್ಲಿ ಎಲ್ಲವೂ ತೆರೆಯುತ್ತಿವೆ, ಗಿರಾಕಿಗಳೆಲ್ಲ ರಸ್ತೆ ದಾಟಿ ಆ ಕಡೆ ಸಾಲು ಹಚ್ಚಿದ್ದಾರೆ! ನಾನು ಹೋದಾಗ ಮಾನಿಟರಿನ ಮೇಲೆ ಕುಂಕುಮ ಹಚ್ಚಿದ ಲಿಂಬೆಹಣ್ಣು ತೂಗುತ್ತಿತ್ತು.

"ಆ ಬಸಣ್ಣ ಏನೋ ಮಾಡಿಸ್ಯಾನ್ರಿ ಅಕ್ಕಾರ" ಎಂದಳು ಮಹಾದೇವಿ, ಪಿಸುಗುಟ್ಟುತ್ತ.

"ಇರ್ಲಿ ತಡಿ, ಮೊದಲ ಮಷಿನ್ ಏನಂತೈತಿ ಕೇಳೂಣು" ಎಂದೆ.

ಲೈನು ಇತ್ತು. ದೀಪಗಳು ಸರಿ. ಒಂದು ಸೈಟನ್ನು ಹೆಸರಿನಿಂದ ಕರೆದೆ, ಉತ್ತರವಿಲ್ಲ. ಅದರ ಅಂಕಿ ವಿಳಾಸ ಹಾಕಿ ಕರೆದೆ, ತಟ್ಟನೆ ಓ ಅಂದಿತು! ಮೈ ಜುಂ ಎಂದಿತು ನನಗೆ. ಹೆಸರಿಗೆ ಓಗೊಡದೆ ಅಂಕಿಗೆ ಓಗೊಟ್ಟರೆ ರೋಗ ಯಾವುದೆಂದು ಬೇರೆ ಹೇಳಬೇಕಿಲ್ಲ.

ಅಕ್ಕತಂಗಿಯರಿಗೆ ಹೀಗೆ ಹೇಳಿದೆ: "ನೋಡ್ರವಾ, ತಿಳವಳ್ಳಿಗೆ ಯಾರೋ ಹೊಸಬರು ಬಂದು ಗಿರಣಿ ಬಸಣ್ಣನ ಮನಿ ಎಲ್ಲಿ ಅಂತ ಕೇಳಿದ್ರ, ಹಿಂಗ ಹೋಗ್ರಿ ಅಂತ ಹೇಳಾಕ ಒಬ್ರು ಬೇಕು. ಇಂಟರ್ನೆಟ್‌ನ್ಯಾಗೂ ಹಂಗ ಹೆಸರು ಕೇಳಿ ವಿಳಾಸ ಹೇಳವ್ರು ಇರ್ತಾರ. ನಿಮ್ಮ ಮಷಿನ್ ಯಾರೂ ಇಲ್ಲದ ಬಯಲಾಗ ನಿಂತು ಕೇಳಾಕತ್ತೈತಿ. ಯಾರರ ಇದರಾಗಿನ ಅಂಕಿ ಬದಲಿ ಮಾಡೀರೇನು?"

ಶಿವಲೀಲಾ ನಾಲಗೆ ಕಚ್ಚಿಕೊಂಡಳು. "ನಾನರೀ... ಇಂಟರ್ನೆಟ್ ಫಾಸ್ಟ್ ಮಾಡೂದು ಹೆಂಗ ಅಂತ ವಿಡಿಯೋ ನೋಡಿದ್ದೆ. ಅವ ಹೇಳಿದ ಅಂಕಿ ಹೊಡದೆ. ಜಲ್ದಿ ಜಲ್ದಿ ಹೇಳಿದ, ಒಂದ ಹೆಚ್ಚುಕಡಿಮಿ ಆತೇನೋ."

ಅಂಕಿ ಸರಿಪಡಿಸಿದೆ. ಸೈಟು ತೆರೆಯಿತು. ಅಷ್ಟರಲ್ಲಿ ಗಿರಣಿ ಬಸಣ್ಣನೇ ಬಾಗಿಲಲ್ಲಿ ಬಂದು ನಿಂತಿದ್ದರು. "ಆತೇನ್ರವಾ? ಸುದೈವ! ನನ್ನ ಕಡೆ ಇಷ್ಟ ಮಂದಿ ಬಂದ್ರ ನಾ ಯಾವಾಗ ಉಣ್ಣಬೇಕು? ಅರ್ಧ ಮಂದೀನ ಈ ಕಡೆ ಕಳಸ್ತೇನಿ ತಡೀರಿ" ಎಂದರು. ಮಹಾದೇವಿ ನೆಲ ನೋಡಿದಳು. ನಾನು ಲಿಂಬೆಹಣ್ಣಿನ ಕಡೆ ಕಣ್ಣು ಮಾಡಿದೆ. "ಇರ್ಲಿ ಬಿಡ್ರಿ ಅಕ್ಕಾರ, ಕರೆಂಟ್ ಹೋಗಲಾರದಂಗರ ಕಾಯ್ಲಿ" ಎಂದಳು ಮಹಾದೇವಿ.

ಕಾಲ ಬದಲಾಗುತ್ತ ಬಂತು. ಚೀಲದ ತುಂಬ ಸಿ.ಡಿ. ಹೊತ್ತು ತಿರುಗುವುದು ನಿಂತಿತು. ಹಾವೇರಿಯಲ್ಲಿ ಕೂತು ಹಿರೇಕೆರೂರಿನ ಪರದೆಯ ಮೇಲೆ ಮೌಸಿನ ಬಾಣ ಓಡಿಸುವುದು ಬಂತು. ಮೊದಲ ಸಲ ಹಾಗೆ ಮಾಡಿದಾಗ ರಟ್ಟೀಹಳ್ಳಿಯ ಒಬ್ಬ ಅಂಗಡಿಯವರು, "ಅಕ್ಕಾರ, ಬಾಣ ತಾನ ಓಡ್ಯಾಡಾಕತ್ತೈತ್ರಿ!" ಎಂದು ಕುರ್ಚಿಯಿಂದ ಎದ್ದು ನಿಂತಿದ್ದರಂತೆ. ಈಗಿನವರಿಗೆ ಅದೇ ರೂಢಿ. ತಪ್ಪಿಲ್ಲ, ಬಿಸಿಲು ಮಳೆಯಲ್ಲಿ ತಿರುಗುವುದು ಉಳಿಯುತ್ತದೆ. ಆದರೆ ದೂರದಿಂದ ಪರದೆಯಷ್ಟೇ ಕಾಣುತ್ತದೆ. ಮೇಜಿನ ಕೆಳಗೆ ಏನಿದೆ ಎಂಬುದು ಕಾಣಬೇಕಾದರೆ ಬಗ್ಗಲೇಬೇಕು. ನಾನು ಬಗ್ಗಿದ ಒಂದು ದಿನದ ಕಥೆ ಹೇಳುತ್ತೇನೆ. ಇಷ್ಟೂ ವರ್ಷಗಳ ಕೆಲಸದಲ್ಲಿ ಅದಕ್ಕಿಂತ ದೊಡ್ಡ ದಿನ ನನಗೆ ಬರಲಿಲ್ಲ.

ಕೊರೊನಾದ ಬಿಗಿ ಆಗತಾನೇ ಸಡಿಲಾಗಿತ್ತು. ಇನಾಮದಾರ ಸರ್ ನಿವೃತ್ತರಾಗಿದ್ದರು. ಅಂಗಡಿ ಆಫೀಸುಗಳು ಒಂದೊಂದೇ ಬಾಗಿಲು ತೆರೆಯುತ್ತಿದ್ದವು. ಒಂದು ಬೆಳಗ್ಗೆ ನಾನು ಶಿಗ್ಗಾಂವಿಯಲ್ಲಿದ್ದಾಗ ಸವಣೂರಿನ ನದಾಫ್ ವಕೀಲರ ಫೋನ್ ಬಂತು.

"ಅಕ್ಕಾರ, ಆಫೀಸ್ ಇವತ್ತ ತಗದೇನಿ. ಕಂಪ್ಯೂಟರಿನಾಗ ಏನಂದ್ರ ಏನೂ ಓಪನ್ ಆಗವಲ್ದು. ಇನ್ನೊಂದ ತಾಸಿಗೆ ವಿಡಿಯೋದಾಗ ನಮ್ಮ ಕೇಸ್ ಕೂಗ್ತಾರ. ಒಬ್ಬಾಕಿ ತಾಯಿ ಮಗಳನ್ನ ನೋಡೂ ಸವಾಲ್ ಐತಿ. ಮೆಹರ್ಬಾನಿ ಮಾಡ್ರಿ, ಹಂಗಿದ್ದಂಗ ಬರ್ರಿ."

ಹಾಗಿದ್ದ ಹಾಗೇ ಹೊರಟೆ. ವಕೀಲರ ಆಫೀಸು ನವಾಬರ ಕಾಲದ ಕಲ್ಲುಕಟ್ಟಡದಲ್ಲಿ. ಗೋಡೆ ಎಷ್ಟು ದಪ್ಪ ಎಂದರೆ ಮೊಬೈಲಿನ ಸಿಗ್ನಲ್ಲು ಹೊಸ್ತಿಲಲ್ಲೇ ಚಪ್ಪಲಿ ಬಿಟ್ಟು ನಿಂತುಬಿಡುತ್ತಿತ್ತು. ಹಾಗಾಗಿ ಫೋನಿನಲ್ಲಿ ವಿಡಿಯೋ ಹಚ್ಚುವ ಮಾತೇ ಇರಲಿಲ್ಲ, ಬೀದಿಯಲ್ಲಿ ನಿಂತು ಕೋರ್ಟಿಗೆ ಮುಖ ತೋರಿಸುವಂತೆಯೂ ಇರಲಿಲ್ಲ. ಒಳಗೆ ಬೆಂಚಿನ ಮೇಲೆ ಮಾಸ್ಕ್ ಹಾಕಿಕೊಂಡು ಒಬ್ಬ ಹೆಣ್ಣುಮಗಳು ಕೂತಿದ್ದಳು. ರೇಣುಕಾ ಎಂದು ಹೆಸರು, ಬಟ್ಟೆ ಹೊಲಿಯುವ ಕೆಲಸ. ಗಂಡ ಹೆಂಡತಿ ಬೇರೆಯಾಗಿದ್ದರು. ಆರು ವರ್ಷದ ಮಗಳು ಚೈತ್ರಾ ಹಾನಗಲ್ಲಿನಲ್ಲಿ ಅಪ್ಪನ ಮನೆಯಲ್ಲಿದ್ದಳು. ಲಾಕ್‌ಡೌನ್ ಶುರುವಾದ ಮೇಲೆ ತಾಯಿ ಮಗಳು ಮುಖ ನೋಡಿರಲಿಲ್ಲ. ಮಗುವಿಗೆ ತಾಯಿಯ ಹಂಬಲವೇ ಇಲ್ಲ ಎಂದು ಆ ಕಡೆಯವರ ವಾದ. ಇವತ್ತು ನ್ಯಾಯಾಧೀಶರು ಇಬ್ಬರನ್ನೂ ಪರದೆಯ ಮೇಲೆ ಎದುರುಬದುರು ಕೂರಿಸಿ ನೋಡುತ್ತೇನೆ ಎಂದಿದ್ದರು. ಇವತ್ತು ತಪ್ಪಿದರೆ ಮುಂದಿನ ತಾರೀಖು ಯಾವಾಗಲೋ ಯಾರಿಗೆ ಗೊತ್ತು.

"ಆಕ್ಕೈತೇನ್ರಿ?" ಎಂದಳು ರೇಣುಕಾ. ಅಷ್ಟೇ. ಆ ಕಣ್ಣುಗಳನ್ನು ನೋಡಿ ನಾನು ಹೂಂ ಎಂದುಬಿಟ್ಟೆ, ಮಷಿನ್ನನ್ನು ನೋಡುವ ಮೊದಲೇ.

ಯಾವ ಸೈಟಿಗೆ ಹೋದರೂ ಕೆಂಪು ಎಚ್ಚರಿಕೆ: ಇದು ಸುರಕ್ಷಿತವಲ್ಲ. ಎಲ್ಲ ಸೈಟುಗಳೂ ಒಟ್ಟಿಗೇ ಕಳ್ಳರಾಗಲು ಸಾಧ್ಯವೇ? ಪರದೆಯ ಮೂಲೆಯ ಗಡಿಯಾರ ನೋಡಿದೆ. ಅದು ಎಷ್ಟೋ ವರ್ಷ ಹಿಂದಿನ ಒಂದು ಜನವರಿಯಲ್ಲಿ ನಿಂತಿತ್ತು! ತಿಂಗಳುಗಟ್ಟಲೆ ಕರೆಂಟಿಲ್ಲದೆ ಬಿದ್ದಿದ್ದ ಮಷಿನ್ನಿನೊಳಗಿನ ಗುಂಡಿಯಂಥ ಸಣ್ಣ ಸೆಲ್ಲು ಸತ್ತುಹೋಗಿ, ತಾರೀಖು ಮರೆತುಹೋಗಿತ್ತು. ಪ್ರತಿ ಸೈಟಿಗೂ ಒಂದು ಗುರುತಿನ ಚೀಟಿ ಇರುತ್ತದೆ, ಅದಕ್ಕೆ ಇಂಥ ದಿನದಿಂದ ಇಂಥ ದಿನದವರೆಗೆ ಎಂದು ಅವಧಿ ಇರುತ್ತದೆ. ಹಳೆಯ ವರ್ಷದಲ್ಲಿ ಕೂತ ಮಷಿನ್ನಿಗೆ ಅವೆಲ್ಲ ಇನ್ನೂ ಶುರುವೇ ಆಗದ ಚೀಟಿಗಳು. ತಾರೀಖು ಸರಿ ಮಾಡಿದೆ. ಹುಡುಕುವ ಪುಟ ತೆರೆಯಿತು, ಸುದ್ದಿಯ ಪುಟ ತೆರೆಯಿತು.

"ಶುಕ್ರಿಯಾ!" ಎಂದು ವಕೀಲರು ವಿಚಾರಣೆಯ ಲಿಂಕು ಒತ್ತಿದರು. ಬಿಳಿ ಪುಟ. ಬರೀ ಬಿಳಿ.

ಮತ್ತೆ ಒತ್ತಿದರು. ಬಿಳಿ. ಹೊರಗೆ ಹೊಸ್ತಿಲಲ್ಲಿ ಅವರ ಫೋನು ಹೊಡೆದುಕೊಂಡಿತು. ಓಡಿಹೋಗಿ ಮಾತಾಡಿ ಬಂದರು. "ಮುಂದಿನ ಕೇಸ್ ನಮ್ಮದ!"

ಸರ್ ಹೇಳಿದ ಪ್ರಶ್ನೆಯನ್ನೇ ಕೇಳಿಕೊಂಡೆ. ಏನು ತೆರೆಯುತ್ತಿದೆ? ಬೇರೆಲ್ಲ ತೆರೆಯುತ್ತಿದೆ. ಇದೊಂದೇ ಇಲ್ಲ. ಹಾಗಾದರೆ ಬ್ರೌಸರಿನ ಒಳಗೇ ಯಾರೋ ಅಡ್ಡ ನಿಂತಿದ್ದಾರೆ. ಬ್ರೌಸರಿನ ಖಾಸಗಿ ಕಿಟಕಿ ತೆರೆದೆ. ಅದು ಹಳೆಯ ನೆನಪುಗಳನ್ನೂ ಸೇರಿಸಿಕೊಂಡ ಬಾಲಂಗೋಚಿಗಳನ್ನೂ ಹೊರಗಿಟ್ಟು ಕೆಲಸ ಮಾಡುತ್ತದೆ. ಲಿಂಕು ಅದರಲ್ಲಿ ಹಾಕಿದೆ. ತೆರೆಯಿತು! "ಸಿಕ್ಕ!" ಎಂದು ಕೂಗಿಬಿಟ್ಟೆ. ಪಟ್ಟಿ ತೆರೆದು ನೋಡಿದರೆ ಹಾಡು ಇಳಿಸಿಕೊಳ್ಳುವ ಒಂದು ಹೆಚ್ಚುವರಿ ತುಣುಕು ಬ್ರೌಸರಿಗೆ ಅಂಟಿಕೊಂಡಿತ್ತು.

ವಕೀಲರು ಕರಿಕೋಟಿನಲ್ಲೇ ನಾಚಿದರು. "ಗಜಲ್ ಕೇಳೂ ಹುಚ್ಚು ಅಕ್ಕಾರ. ಅದು ಕೋರ್ಟಿಗೆ ಅಡ್ಡ ಬರ್ತೈತಿ ಅಂತ ಯಾರಿಗೆ ಗೊತ್ತಿತ್ತು?"

ಅದನ್ನು ಕಿತ್ತುಹಾಕಿ ಬ್ರೌಸರ್ ಮುಚ್ಚಿ ತೆರೆದೆ. ಕ್ಯಾಮೆರಾ ಹತ್ತಿತು. ನ್ಯಾಯಾಧೀಶರು ಕಾಣಿಸಿದರು, ಅವರೂ ಹೆಣ್ಣುಮಗಳು. ಕೇಸ್ ಕೂಗಿದರು. ರೇಣುಕಾ ಕುರ್ಚಿಯ ತುದಿಗೆ ಬಂದು ಕೂತಳು. ನಾನು ಉಸಿರು ಬಿಟ್ಟು ಗೋಡೆಗೆ ಒರಗಿದೆ. ಅಷ್ಟೇ! ಪರದೆ ಗಕ್ಕನೆ ನಿಂತಿತು. ನ್ಯಾಯಾಧೀಶರ ಬಾಯಿ ಅರ್ಧ ತೆರೆದ ಹಾಗೇ ಉಳಿಯಿತು. ವಕೀಲರ ಮಂಡಿ ಮೇಜಿನ ಕೆಳಗಿನ ಕಂಪ್ಯೂಟರ್ ಡಬ್ಬಿಗೆ ತಾಗಿತ್ತು.

ನಾನು ಮೇಜಿನ ಕೆಳಗೆ ನುಗ್ಗಿದೆ. ನೆಟ್‌ವರ್ಕ್ ತಂತಿಯ ತುದಿಯಲ್ಲಿ ಕಚ್ಚಿ ಹಿಡಿಯುವ ಪುಟ್ಟ ಪ್ಲಾಸ್ಟಿಕ್ ನಾಲಗೆ ಇರುತ್ತದಲ್ಲ, ಅದು ಮುರಿದಿತ್ತು. ಒತ್ತಿದರೆ ಹಸಿರು ದೀಪ ಹತ್ತುತ್ತದೆ, ಕೈ ಬಿಟ್ಟರೆ ತಂತಿ ಜಾರಿ ದೀಪ ಆರುತ್ತದೆ. ಟೇಪು ಚೀಲದಲ್ಲಿದೆ, ಚೀಲ ಬಾಗಿಲ ಹತ್ತಿರವಿದೆ. ಯೋಚನೆಗೆ ವೇಳೆಯಿರಲಿಲ್ಲ. ಹೆಬ್ಬೆರಳಿನಿಂದ ತಂತಿಯನ್ನು ಒತ್ತಿ ಹಿಡಿದು ಅಲ್ಲೇ ಮುದುಡಿ ಕೂತೆ.

"ವಕೀಲರೇ, ಎಲ್ಲಿ ಮಾಯವಾದಿರಿ?" ನ್ಯಾಯಾಧೀಶರ ದನಿ ಮೇಲಿಂದ ಬಂತು.

"ಇಲ್ಲೇ ಇದ್ದೇವೆ ಮೇಡಂ, ಇಲ್ಲೇ ಇದ್ದೇವೆ" ಎಂದರು ವಕೀಲರು. ಅವರು ಮಂಡಿಯನ್ನು ಡಬ್ಬಿಯಿಂದ ದೂರ ಸರಿಸಿಕೊಂಡದ್ದು ನನಗೊಬ್ಬಳಿಗೇ ಕಂಡಿತು.

ಅಲ್ಲಿಂದ ಮುಂದಿನದನ್ನೆಲ್ಲ ನಾನು ಕಿವಿಯಿಂದ ನೋಡಿದೆ. ನನ್ನ ಕಣ್ಣೆದುರು ಜೇಡರ ಬಲೆ, ಒಂದು ಹಸಿರು ದೀಪ, ರೇಣುಕಾಳ ಹವಾಯಿ ಚಪ್ಪಲಿ. ಅಷ್ಟೇ. ಎರಡೂ ಕಡೆಯ ವಾದ ಆಯಿತು. ನನ್ನ ಹೆಬ್ಬೆರಳು ಜೋಮು ಹಿಡಿಯಿತು. ಸೀನು ಬಂತು, ನುಂಗಿದೆ. ಕೊನೆಗೆ ನ್ಯಾಯಾಧೀಶರು ದನಿ ತಗ್ಗಿಸಿ ಕೇಳಿದರು:

"ಚೈತ್ರಾ, ಪರದೆಯಲ್ಲಿ ಅಮ್ಮ ಕಾಣ್ತಾ ಇದಾರಾ?"

ಆ ಕಡೆ ಎಲ್ಲೋ ಒಂದು ಫ್ಯಾನು ತಿರುಗುವ ಸದ್ದು. ರೇಣುಕಾಳ ಪಾದದ ಬೆರಳುಗಳು ಚಪ್ಪಲಿಯನ್ನು ಬಿಗಿಯಾಗಿ ಹಿಡಿದುಕೊಂಡವು. ಮಾತಾಡು ಮಗು, ಮಾತಾಡು ಎಂದು ನಾನು ತಂತಿಯನ್ನು ಇನ್ನಷ್ಟು ಒತ್ತಿದೆ, ಅದರಿಂದ ಮಗುವಿನ ಮಾತು ಹೊರಡುತ್ತದೇನೋ ಎಂಬಂತೆ.

"ಅವ್ವಾ" ಎಂದಿತು ಒಂದು ಪುಟ್ಟ ದನಿ, ಸ್ವಲ್ಪ ಒಡಕು, ಸ್ವಲ್ಪ ಸಿಟ್ಟು. "ಮಾಸ್ಕ್ ತಗಿಯ. ಮಾರಿನ ಕಾಣವಲ್ದು!"

ಮೇಲೆ ಯಾರೋ ನಕ್ಕರು. ನ್ಯಾಯಾಧೀಶರೇ ಇರಬೇಕು. ರೇಣುಕಾ ಮಾಸ್ಕ್ ತೆಗೆದಿರಬೇಕು, ಏಕೆಂದರೆ ಆಮೇಲೆ ಆ ದನಿ ನಿಲ್ಲಲೇ ಇಲ್ಲ. "ಅವ್ವಾ, ನನ್ನ ಹಲ್ಲ ಬಿದ್ದಾವು, ನೋಡಿಲ್ಲೆ! ಅವ್ವಾ, ನಮ್ಮನ್ಯಾಗ ಬೆಕ್ಕ ಮರಿ ಹಾಕೇತಿ. ಅವ್ವಾ, ನೀ ಯಾವಾಗ ಬರ್ತಿ?"

"ಎದ್ದ ನಿಂದ್ರ ತಾಯಿ" ಎಂದಳು ರೇಣುಕಾ, ಅಳುತ್ತ ನಗುತ್ತ. "ಎಷ್ಟ ಉದ್ದ ಆಗಿ ನೋಡ್ತೇನಿ." ಆ ಕಡೆ ಕುರ್ಚಿ ಸರಿದ ಸದ್ದು. "ಯವ್ವಾ ನನ ಕೂಸ! ಮೇಡಂ ಅವ್ರ, ಈಕಿ ಲಂಗ ನೋಡ್ರಿ, ಮೊಣಕಾಲ ಮ್ಯಾಲೆ ಬಂದೈತಿ. ಅಳತಿ ತಗೊಳ್ಳಾಕರ ಕೊಡ್ರಿ ನನಗ."

ಅಳತೆ ತೆಗೆದುಕೊಳ್ಳಲು ಕೊಟ್ಟರು. ಪ್ರತಿ ಭಾನುವಾರ ಮಗುವನ್ನು ತಾಯಿಯ ಹತ್ತಿರ ಕರೆತರಬೇಕೆಂದು ಅವತ್ತೇ ಆದೇಶವಾಯಿತು. ವಿಚಾರಣೆ ಮುಗಿದ ಮೇಲೂ ನಾನು ಕೈ ಬಿಡಲಿಲ್ಲ. ರೇಣುಕಾ ಮೇಜಿನ ಕೆಳಗೆ ಬಗ್ಗಿ, "ಅಕ್ಕಾರ, ಮುಗೀತ್ರಿ, ಹೊರಗ ಬರ್ರಿ" ಎಂದು ನನ್ನ ಹೆಬ್ಬೆರಳನ್ನು ತಂತಿಯಿಂದ ತಾನೇ ಬಿಡಿಸಿದಳು. ನನ್ನ ತಲೆಯ ತುಂಬ ಜೇಡರ ಬಲೆ. ಅವಳು ಅದನ್ನು ಸೆರಗಿನಿಂದ ಒರೆಸುತ್ತಿದ್ದರೆ ವಕೀಲರು ಗೋಡೆಯ ಕಡೆ ತಿರುಗಿ ಕರವಸ್ತ್ರ ತೆಗೆದರು. ಅವತ್ತೇ ಹೊಸ ತಂತಿ, ಹೊಸ ಸೆಲ್ಲು ಹಾಕಿ ಬಂದೆ.

ವರ್ಷ ಕಳೆದ ಮೇಲೆ ಕೇಸಿನ ಕೊನೆಯ ತೀರ್ಪು ಬಂತು. ಮಗಳು ತಾಯಿಯ ಹತ್ತಿರವೇ ಇರಬೇಕೆಂದು ಆಗಿದ್ದು ವಕೀಲರಿಂದ ತಿಳಿದಿತ್ತು. ನಾನು ನಿವೃತ್ತಳಾಗುವುದಕ್ಕೆ ಸ್ವಲ್ಪ ಮುಂಚೆ ಸವಣೂರಿಗೆ ಬೇರೆ ಕೆಲಸಕ್ಕೆ ಹೋದಾಗ, ಒಂದು ರವಿಕೆ ಹೊಲಿಸಲು ಹಾಕುವ ನೆಪ ಮಾಡಿಕೊಂಡು ರೇಣುಕಾಳ ಅಂಗಡಿ ಹುಡುಕಿ ಹೋದೆ. ಒಳಗೆ ಹೊಲಿಗೆ ಯಂತ್ರದ ಸದ್ದು ಕೇಳುತ್ತಿತ್ತು. ಬಾಗಿಲಲ್ಲಿ ಒಬ್ಬಳು ಹುಡುಗಿ ಬಣ್ಣದ ಚಿಂದಿಗಳನ್ನು ಜೋಡಿಸುತ್ತ ಕೂತಿದ್ದಳು. ಉದ್ದ ಜಡೆ, ಹಣೆಯ ಮೇಲೊಂದು ಗಾಯದ ಗುರುತು. ಆ ಮುಖವನ್ನು ನಾನು ಎಂದೂ ಕಂಡಿರಲಿಲ್ಲ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ ಒಳಕ್ಕೆ ತಿರುಗಿ ಕೂಗಿದಳು:

"ಅವ್ವಾ, ಯಾರೋ ಬಂದಾರ!"

ಅದೇ ಒಡಕು ದನಿ, ಅದೇ ಸ್ವಲ್ಪ ಸಿಟ್ಟು. ಅದನ್ನು ಕೇಳಿದ್ದೇ ನಾನು ಅಲ್ಲೇ ಹೊಸ್ತಿಲ ಮೇಲೆ ಕೂತುಬಿಟ್ಟೆ.